ತೇಡೆ ಮುಳ್ಳಿನ ವಿಷ ಸಿಕ್ಕಿದ್ದು ಬೋಟಿಗೆ ರಜೆ ಇದ್ದಾಗ

ಮೂರು ವರ್ಷ ಎಲ್ಲರೂ ಹೇಳಿದ್ದು ಒಂದೇ ಮಾತು: ತೇಡೆ ಅಂದರೆ ಸಮುದ್ರದ ಕ್ಯಾಟ್‌ಫಿಶ್, ಅದರ ಮುಳ್ಳಿನಿಂದ ಕೆಲಸ ಮಾಡುವ ವಿಷ ತೆಗೆಯೋಕೆ ಆಗಲ್ಲ, ಬೇಕಿದ್ರೆ ಕಲ್ಲುಮೀನು ಹುಡುಕು. ಕಲ್ಲುಮೀನಿನ (ಸ್ಟೋನ್‌ಫಿಶ್) ಮುಳ್ಳಿನ ವಿಷ ಸ್ಟೋನಸ್‌ಟಾಕ್ಸಿನ್, ಅದರ ಕಥೆ ಎಲ್ಲರಿಗೂ ಬಾಯಿಪಾಠ. ಸುಮಾರು 71 ಮತ್ತು 79 ಕಿಲೋಡಾಲ್ಟನ್ (ಅಣುವಿನ ತೂಕದ ಅಳತೆ) ತೂಗುವ ಎರಡು ಪ್ರೋಟೀನ್ ತುಂಡು, ಜೀವಕೋಶದ ಪೊರೆಗೆ ತೂತು ಕೊರೆಯುವ ಕೆಲಸ. 2015ರಲ್ಲಿ ರಚನೆ ಬಂದಾಗ ನಮ್ಮದೇ ರೋಗನಿರೋಧಕ ಕಣಗಳು ಬಳಸುವ ಪರ್ಫೋರಿನ್ ಅನ್ನುವ ಪ್ರೋಟೀನಿಗೆ ದೂರದ ನೆಂಟ ಅಂತಲೂ ಗೊತ್ತಾಯ್ತು. ಸರಿ, ಆದರೆ ಮಂಗಳೂರಿನ ದಕ್ಕೆಯಲ್ಲಿ (ಮೀನು ಬಂದರು) ಬುಟ್ಟಿಗಟ್ಟಲೆ ಬರುವುದು ತೇಡೆ ಅಲ್ವಾ? ಚುಚ್ಚಿಸಿಕೊಂಡು ಕೈ ಕೊಡವುತ್ತಾ ಓಡಾಡುವವರೂ ಅಲ್ಲೇ ಸಿಗುತ್ತಾರೆ.

ಮೊದಲ ವರ್ಷ ಬರೀ ದುಡ್ಡು ಹೋಯಿತು. ದಕ್ಕೆಯಿಂದ ಐಸಿನಲ್ಲಿಟ್ಟ ತೇಡೆ ತಂದು, ಬೆನ್ನಿನ ಒಂದು ಮುಳ್ಳು, ಪಕ್ಕದ ಎರಡು ಮುಳ್ಳು ಕತ್ತರಿಸಿ, ಮೇಲಿನ ಚರ್ಮ ಕೆರೆದು ಅರೆಯುತ್ತಿದ್ದೆ. ಪ್ರೋಟೀನ್ ಬೇಕಾದಷ್ಟು ಬರುತ್ತಿತ್ತು, ಪ್ರೋಟೀನ್ ಅಳೆಯುವ ಬ್ರಾಡ್‌ಫೋರ್ಡ್ ಬಣ್ಣ ಹಾಕಿದರೆ ಚೆಂದದ ನೀಲಿ. ವಿಷ ಕೆಲಸ ಮಾಡುತ್ತಿದ್ದರೆ ಕೆಂಪು ರಕ್ತಕಣ ಒಡೆಯಬೇಕು, ಅದೇ ನನ್ನ ಪರೀಕ್ಷೆ. ರಕ್ತಕಣ ಮಾತ್ರ ಒಂದೂ ಒಡೆಯಲಿಲ್ಲ. ಹೊರಗಿನ ಒಂದು ಲ್ಯಾಬಿನಲ್ಲಿ ಫ್ರೀಜ್ ಡ್ರೈ ಮಾಡಿಸಿದೆ, ಎರಡು ಸಲಕ್ಕೆ ಐದಾರು ಸಾವಿರ ಆಯಿತು. ಬಿಳಿ ಪುಡಿ ಬಂತು, ಅಷ್ಟೇ. ಪ್ರೋಟೀನ್ ತಿನ್ನುವ ಕಿಣ್ವಗಳನ್ನು (ಪ್ರೋಟಿಯೇಸ್) ತಡೆಯುವ ಪಿಎಂಎಸ್‌ಎಫ್ ಹಾಕುತ್ತಿದ್ದೆನಲ್ಲ ಅಂತ ನನಗೆ ಧೈರ್ಯ. ಆದರೆ ಹಾಕುತ್ತಿದ್ದದ್ದು ಹಿಂದಿನ ರಾತ್ರಿಯೇ, ಮುಳ್ಳು ಅರೆಯುವ ದ್ರಾವಣಕ್ಕೆ, ಅಂದರೆ ಬಫರಿಗೆ! ನೀರಿಗೆ ಬಿದ್ದ ಮೇಲೆ ಅದರ ಆಯಸ್ಸು ಗಂಟೆ ಲೆಕ್ಕದ್ದು. ಬೆಳಿಗ್ಗೆ ಮೀನು ಅರೆಯುವಾಗ ಅಲ್ಲಿ ಇದ್ದದ್ದು ಹೆಸರಿಗಷ್ಟೇ. ಇದನ್ನು ಬರೆಯೋಕೂ ನಾಚಿಕೆ ಆಗುತ್ತದೆ.

ರಕ್ತವೂ ತಪ್ಪು. ಮಟನ್ ಅಂಗಡಿಯಿಂದ ಆಡಿನ ರಕ್ತ ಪುಕ್ಕಟೆ ಸಿಗುತ್ತದೆ ಅಂತ ಎಂಟು ತಿಂಗಳು ಅದರಲ್ಲೇ ಒದ್ದಾಡಿದೆ. ಸ್ಟೋನಸ್‌ಟಾಕ್ಸಿನ್‌ಗೇ ಮೊಲದ ರಕ್ತಕಣ ಅಂದರೆ ಪ್ರೀತಿ, ಮನುಷ್ಯರದ್ದು ಹೆಚ್ಚುಕಮ್ಮಿ ಬೇಡ. ಇದು ಓದಿ ಗೊತ್ತಿತ್ತು, ಆದರೆ ಮೊಲದ ರಕ್ತಕ್ಕೆ ಎಥಿಕ್ಸ್ ಕಮಿಟಿಯ ಕಾಗದ ಬೇಕಲ್ಲ ಅಂತ ಸೋಮಾರಿತನ. ಕೊನೆಗೆ ಕಾಗದ ಬರೆದೆ. ನಾಲ್ಕು ತಿಂಗಳು ಹಿಡಿಯಿತು.

ಕಾಗದ ಕೈಗೆ ಬರುವಾಗ ಜೂನ್. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟ್ ಹೊರಡುವುದಿಲ್ಲ, ದಕ್ಕೆ ಖಾಲಿ. ಎಲ್ಲರೂ ಆಗಸ್ಟ್‌ವರೆಗೆ ಸುಮ್ನೆ ಇರು ಅಂದರು. ನಾನು ಮೀನುಗಾರರ ಊರು ಬೆಂಗ್ರೆಗೆ ಹೋದೆ. ನಾಡದೋಣಿ ದಡಕ್ಕೆ ಬಂದು ಬಲೆ ಬಿಡಿಸುವಾಗ ತೇಡೆ ಇನ್ನೂ ಬಾಲ ಬಡಿಯುತ್ತಿತ್ತು. ಆಗ ಹೊಳೆಯಿತು. ನಾನು ಇಷ್ಟು ದಿನ ಅರೆದದ್ದು ಟ್ರಾಲ್ ಬೋಟಿನ ಐಸಿನಲ್ಲಿ ವಾರಗಟ್ಟಲೆ ಮಲಗಿದ್ದ ಮೀನು. ಅದರೊಳಗಿನ ವಿಷವನ್ನು ಮೀನಿನದೇ ಪ್ರೋಟಿಯೇಸ್ ತಿಂದು ಮುಗಿಸಿರಬೇಕು.

ಮಾರನೆ ದಿನ ಲ್ಯಾಬನ್ನೇ ದಡಕ್ಕೆ ಒಯ್ದೆ. ಥರ್ಮಾಕೋಲ್ ಡಬ್ಬ, ಐಸ್, ದಪ್ಪ ಗ್ಲೌಸ್, ಕಟಿಂಗ್ ಪ್ಲೇಯರ್, ಗ್ಲಿಸರಾಲ್ ಬೆರೆಸಿದ ತಣ್ಣನೆ ಬಫರ್, ಅಲ್ಲೇ ಬೆರೆಸಲು ಪಿಎಂಎಸ್‌ಎಫ್. ಮುಳ್ಳು ಕತ್ತರಿಸಿ ಐದು ನಿಮಿಷದೊಳಗೆ ಬಫರಿಗೆ. ಮೀನು ಮಾರುವ ಅಕ್ಕ ನಕ್ಕು ಕೇಳಿದಳು, “ಮಾಷ್ಟ್ರೇ, ಉಂದು ದಾಯೆಗ್?” ಇದು ಯಾಕೆ ಅಂತ ನನಗೇ ಖಾತ್ರಿ ಇರಲಿಲ್ಲ. ಗ್ಲಿಸರಾಲ್ ಎಷ್ಟು ಶೇಕಡಾ ಅಂತ ಕೇಳಬೇಡಿ. ಲೋಳೆಯನ್ನು ಹೇಗೆ ಬಿಡಿಸಿದೆ ಅನ್ನುವುದೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಸಂಜೆ ಮೊಲದ ರಕ್ತಕಣಕ್ಕೆ ಹಾಕಿದೆ. 37 ಡಿಗ್ರಿ, ಒಂದು ಗಂಟೆ. ಟ್ಯೂಬ್ ಪೂರ್ತಿ ಕೆಂಪು! ಕುಣಿದುಬಿಟ್ಟೆ. ಆಮೇಲೆ ನೋಡಿದರೆ ಬ್ಲಾಂಕ್, ಅಂದರೆ ಮುಳ್ಳಿನ ಸಾರ ಹಾಕದೆ ಬರೀ ಬಫರ್ ಹಾಕಿದ ಟ್ಯೂಬೂ ಕೆಂಪು. ಗ್ಲಿಸರಾಲ್ ಕಣದೊಳಗೆ ಹೋಗಿ ಕೂತಿತ್ತು, ಕೊನೆಯಲ್ಲಿ ಸಲೈನ್ ಸುರಿದಾಗ ಪಟಪಟ ಒಡೆದಿತ್ತು. “ನೋಡು, ನಿನ್ನ ವಿಷ ಅಂದ್ರೆ ಗ್ಲಿಸರಾಲ್” ಅಂತ ಒಬ್ಬರು ಚಹಾ ಕುಡಿಯುತ್ತಾ ಹೇಳಿದ್ದು ಇನ್ನೂ ಕಿವಿಯಲ್ಲಿದೆ. ಎರಡು ವಾರ ಬೇಕಾಯಿತು. ಈಗ ಮೊದಲು ಸಾರವನ್ನು ತಣ್ಣನೆ ಸಲೈನಿನಲ್ಲಿ ಐವತ್ತು ಪಟ್ಟು ತೆಳುಮಾಡಿ, ಆಮೇಲೆ ಕಣಕ್ಕೆ ಹಾಕುತ್ತೇನೆ. ಬ್ಲಾಂಕ್‌ನಲ್ಲಿ ಅಷ್ಟೇ ಗ್ಲಿಸರಾಲ್. ಜೊತೆಗೆ ಅದೇ ಮೀನಿನ ಹೊಟ್ಟೆಯ ಚರ್ಮ, ಅದೇ ರೀತಿ ಅರೆದದ್ದು. ಕೆಂಪು ಎಷ್ಟು ಅಂತ 540 ನ್ಯಾನೋಮೀಟರ್ ಬೆಳಕಿನಲ್ಲಿ ಓದಿದರೆ ಬ್ಲಾಂಕ್ ಸ್ವಚ್ಛ, ಹೊಟ್ಟೆ ಚರ್ಮ ಸ್ವಲ್ಪ, ಮುಳ್ಳಿನದ್ದು ಅದರ ಆರೇಳು ಪಟ್ಟು. ಒಂಬತ್ತು ಸಲ ಮಾಡಿದ್ದೇನೆ, ಏಳು ಸಲ ಬಂದಿದೆ. ಚಹಾದವರು ಈಗ ಮಾತಾಡುವುದಿಲ್ಲ.

ನಡುವೆ ತೊರಕೆಯ (ಸ್ಟಿಂಗ್‌ರೇ) ಬಾಲದ ಮುಳ್ಳಿಗೂ ಕೈ ಹಾಕಿದೆ. ಬರೀ ಲೋಳೆ, ಫಿಲ್ಟರ್ ಕಟ್ಟಿಕೊಂಡು ಹೋಯಿತು, ಬಿಟ್ಟೆ. ಇನ್ನೊಂದು ಆಟ ಮಾತ್ರ ಚೆನ್ನಾಗಿತ್ತು. ಒಮ್ಮೆ ತೇಡೆ ಹೆಬ್ಬೆರಳಿಗೆ ಚುಚ್ಚಿದಾಗ ಅದೇ ಅಕ್ಕ ಕೈಯನ್ನು ಗಂಜಿ ತಿಳಿಯಲ್ಲಿ ಅದ್ದಿಸಿದ್ದಳು, ತಡೆಯುವಷ್ಟು ಬಿಸಿ. ಅರ್ಧ ಗಂಟೆಯಲ್ಲಿ ನೋವು ಇಳಿಯಿತು. ಮೀನು ಚುಚ್ಚಿದರೆ ಡಾಕ್ಟರುಗಳೂ ಸುಮಾರು 45 ಡಿಗ್ರಿಯ ನೀರನ್ನೇ ಹೇಳುತ್ತಾರೆ. ನಾನೂ ತೇಡೆ ಮುಳ್ಳಿನ ಸಾರವನ್ನು 45ರಲ್ಲಿ ಇಟ್ಟೆ. ಅರ್ಧ ಗಂಟೆಗೆ ಮುಕ್ಕಾಲು ಭಾಗ ಸತ್ತಿತ್ತು, 60ಕ್ಕೆ ಏನೂ ಉಳಿಯಲಿಲ್ಲ. ಅದಕ್ಕೇ ನೋವು ಇಳಿಯಿತು ಅಂತ ನಾನು ಹೇಳಲ್ಲ. ರಕ್ತಕಣ ಒಡೆಯುವುದು ಬೇರೆ, ನೋವು ಬೇರೆ.

ಒಟ್ಟು ಖರ್ಚು ನಲವತ್ತು ಸಾವಿರದ ಹತ್ತಿರ, ಅರ್ಧ ನನ್ನ ಕೈಯಿಂದಲೇ. ಮೈನಸ್ 80ರಲ್ಲಿ ಗ್ಲಿಸರಾಲ್ ಹಾಕಿದ ಹನ್ನೊಂದು ಟ್ಯೂಬ್ ಇದೆ, ಒಂದನ್ನು ಒಂದೇ ಸಲ ಕರಗಿಸುವುದು. ಅಕ್ಕ ಮಾತ್ರ ಜೀವ ಇರುವ ತೇಡೆಗೆ ಈಗ ಡಬಲ್ ರೇಟ್ ಹಾಕುತ್ತಾಳೆ. ಮುಳ್ಳು ಕತ್ತರಿಸಿದ ಮೇಲೆ ಆ ಮೀನನ್ನೇ ವಾಪಸ್ ಇಸ್ಕೊಂಡು ಪುಳಿಮುಂಚಿ ಸಾರಿಗೆ ಅಂತ ಇನ್ನೊಬ್ಬರಿಗೆ ಮಾರುತ್ತಾಳೆ.