ವಿಳಾಸ ಬದಲಾಗದ ಪುಟಗಳನ್ನು ಕ್ರಾಲ್ ಮಾಡುವುದು ಹೇಗೆ

ನಾನು ವೆಬ್ ಅಪ್ಲಿಕೇಶನ್‌ಗಳನ್ನು ಟೆಸ್ಟ್ ಮಾಡುವ ಕೆಲಸದಲ್ಲಿದ್ದೇನೆ. ಒಂದು ಅಪ್ಲಿಕೇಶನ್‌ನಲ್ಲಿ ಒಟ್ಟು ಎಷ್ಟು ಪರದೆಗಳಿವೆ, ಯಾವುದನ್ನು ಇನ್ನೂ ಯಾರೂ ನೋಡಿಲ್ಲ ಅಂತ ಹುಡುಕುವುದು ಈ ಕೆಲಸದ ದೊಡ್ಡ ಪಾಲು. ಇದಕ್ಕೆಂದು ನಾನು ಬರೆದ ಮೊದಲ ಕ್ರಾಲರ್ (ತಾನೇ ಪುಟದಿಂದ ಪುಟಕ್ಕೆ ಹೋಗಿ ದಾಖಲಿಸುವ ಪ್ರೋಗ್ರಾಂ) 3 ಸೆಕೆಂಡಿನಲ್ಲಿ ಓಟ ಮುಗಿಸಿತು. ಸಿಕ್ಕಿದ್ದು ಒಂದೇ ಪುಟ. ಅದನ್ನು ತಿದ್ದಿ, ಸಂಜೆ ಓಡಲು ಬಿಟ್ಟು ಬೆಳಿಗ್ಗೆ ಬಂದು ನೋಡಿದರೆ 11,000 ಪುಟಗಳು ದಾಖಲಾಗಿದ್ದವು. ಅಪ್ಲಿಕೇಶನ್ ಅದೇ. ಅದರಲ್ಲಿ ನಿಜವಾಗಿ ಇದ್ದದ್ದು ಅರವತ್ತು ಚಿಲ್ಲರೆ ಪರದೆಗಳು.

ಎರಡೂ ಸಲ ತಪ್ಪಿದ್ದು ಒಂದೇ ಕಡೆ. ಈಗ ಎದುರಿಗಿರುವುದು ಹೊಸದೋ, ಮೊದಲೇ ನೋಡಿದ್ದೋ? ಈ ಪ್ರಶ್ನೆಗೆ ಕ್ರಾಲರ್ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಕ್ಲಿಕ್ ಮಾಡಿಸುವುದು ಸುಲಭ. ಈ ಉತ್ತರವನ್ನು ಗಟ್ಟಿ ಮಾಡಿಕೊಳ್ಳುವುದೇ ಕಷ್ಟದ ಕೆಲಸ. ಹಾಗಾಗಿ ಈ ಬರಹದಲ್ಲಿ ಜಾಸ್ತಿ ಜಾಗ ಅದಕ್ಕೇ ಕೊಟ್ಟಿದ್ದೇನೆ.

ವಿಳಾಸವನ್ನು ಯಾಕೆ ನಂಬಬಾರದು

ಹಳೆಯ ಬಗೆಯ ಕ್ರಾಲರ್ ಎಚ್‌ಟಿಎಂಎಲ್ ತರಿಸಿಕೊಂಡು, ಅದರಲ್ಲಿರುವ ಲಿಂಕ್‌ಗಳನ್ನು ಆರಿಸಿ ಸಾಲಿಗೆ ಸೇರಿಸುತ್ತದೆ. ಒಂದು ವಿಳಾಸ ಅಂದರೆ ಒಂದು ಪುಟ. ಪುಟವನ್ನು ಮತ್ತೆ ತೆರೆಯದೆ ಅದರ ಭಾಗಗಳನ್ನು ಮಾತ್ರ ಬದಲಿಸುವ ಅಜಾಕ್ಸ್ ವಿಧಾನ ಬಂದ ಮೇಲೆ ಈ ಲೆಕ್ಕ ಕೆಟ್ಟಿತು. (ಆ ಹೆಸರನ್ನು ಜೆಸ್ಸಿ ಜೇಮ್ಸ್ ಗ್ಯಾರೆಟ್ ಕೊಟ್ಟದ್ದು 2005ರಲ್ಲಿ.) ಈಗಿನ ಎಷ್ಟೋ ಅಪ್ಲಿಕೇಶನ್‌ಗಳು ಮೊದಲು ಕಳಿಸುವುದು ಒಂದು ಖಾಲಿ ಡಿವ್ (ಪುಟದೊಳಗಿನ ಚೌಕಟ್ಟು) ಮತ್ತು ಒಂದು ಸ್ಕ್ರಿಪ್ಟ್ ಅಷ್ಟೆ. ಉಳಿದದ್ದೆಲ್ಲ ಬ್ರೌಸರ್ ಒಳಗೆ ಕಟ್ಟಿಕೊಳ್ಳುತ್ತದೆ. ಕೆಲವು ಅಪ್ಲಿಕೇಶನ್‌ಗಳು ಬ್ರೌಸರ್‌ನ ಪುಶ್‌ಸ್ಟೇಟ್ ಸೌಲಭ್ಯ ಬಳಸಿ ವಿಳಾಸವನ್ನೂ ಬದಲಿಸುತ್ತವೆ, ನಿಜ. ಆದರೆ ತೆರೆದ ಡೈಲಾಗ್, ಬಿಚ್ಚಿದ ಮೆನು, ಎರಡನೇ ಟ್ಯಾಬ್, ತಪ್ಪು ತುಂಬಿದ ಫಾರಂ, ಇವಕ್ಕೆಲ್ಲ ಬೇರೆ ವಿಳಾಸ ಇರುವುದು ಅಪರೂಪ.

ಅದಕ್ಕೇ ಪುಟದ ಬದಲು ಸ್ಥಿತಿಯನ್ನು, ಅಂದರೆ ಆ ಹೊತ್ತಿಗೆ ಪರದೆ ಇರುವ ರೂಪವನ್ನು, ಎಣಿಸಬೇಕು. ಪ್ರತಿ ಸ್ಥಿತಿ ಒಂದು ಬಿಂದು. ಒಂದು ಕ್ಲಿಕ್ ಇನ್ನೊಂದು ಸ್ಥಿತಿಗೆ ಕರೆದೊಯ್ದರೆ ಅದು ಎರಡರ ನಡುವಿನ ಬಾಣ. ಹೀಗೆ ಒಂದು ಗ್ರಾಫ್ ಬೆಳೆಯುತ್ತದೆ. 2008ರಲ್ಲಿ ಡೆಲ್ಫ್ಟ್ ವಿಶ್ವವಿದ್ಯಾಲಯದಲ್ಲಿ ಅಲಿ ಮೆಸ್ಬಾ, ಆರಿ ವಾನ್ ಡ್ಯೂರ್ಸನ್ ಮತ್ತು ಜೊತೆಗಾರರು ಇದನ್ನು ಪ್ರಬಂಧವಾಗಿ ಬರೆದರು. ಅವರ ಕ್ರಾಲ್‌ಜಾಕ್ಸ್ ಉಪಕರಣ ಇವತ್ತಿಗೂ ಇದೆ. ಭದ್ರತೆ ಪರೀಕ್ಷಿಸುವವರು ಬಳಸುವ ಜಾಪ್‌ನ ಅಜಾಕ್ಸ್ ಸ್ಪೈಡರ್ ಒಳಗೂ ಅದೇ ಕೆಲಸ ಮಾಡುತ್ತದೆ. ಸಿದ್ಧವಾದದ್ದು ಸಾಕು ಅನ್ನುವವರು ಅಲ್ಲಿಂದಲೇ ಶುರು ಮಾಡಬಹುದು. ನಾನು ಬ್ರೌಸರನ್ನು ಕೋಡ್‌ನಿಂದ ನಡೆಸುವ ಪ್ಲೇರೈಟ್ ಮೇಲೆ ನನ್ನದೇ ಬರೆದುಕೊಂಡೆ. ಕೆಳಗಿನದೆಲ್ಲ ಅದರ ಅನುಭವ. ಅಂಥದ್ದೇ ಇನ್ನೊಂದಾದ ಪಪೆಟಿಯರ್ ಬಳಸುವವರಿಗೂ ಬಹುಪಾಲು ಹಾಗೇ ಹೊಂದುತ್ತದೆ.

ಸುತ್ತು ಇಷ್ಟೇ: ಪುಟ ತೆರೆಯಿರಿ, ಅದು ಬದಲಾಗುವುದು ನಿಂತು ತಣ್ಣಗಾಗುವವರೆಗೆ ಕಾಯಿರಿ, ಆ ಸ್ಥಿತಿಯನ್ನು ಮತ್ತೆ ಪತ್ತೆಹಚ್ಚಲು ಒಂದು ಗುರುತು ತೆಗೆಯಿರಿ, ಒತ್ತಬಹುದಾದ ಎಲ್ಲವನ್ನೂ ಪಟ್ಟಿ ಮಾಡಿ, ಒಂದನ್ನು ಒತ್ತಿ, ಮತ್ತೆ ಕಾಯಿರಿ, ಮತ್ತೆ ಗುರುತು ತೆಗೆಯಿರಿ. ಗುರುತು ಹೊಸದಾದರೆ ಹೊಸ ಬಿಂದು ಸೇರಿಸಿ. ಹಳೆಯದಾದರೆ ಬಾಣ ಮಾತ್ರ ಎಳೆಯಿರಿ. ಆಮೇಲೆ ಹಿಂದಿನ ಸ್ಥಿತಿಗೆ ಮರಳಿ ಮುಂದಿನದನ್ನು ಒತ್ತಿ.

ಗುರುತು ತೆಗೆಯುವುದು

ಇಡೀ ಡಾಮ್ ಅನ್ನು (ಬ್ರೌಸರ್ ಒಳಗೆ ಪುಟ ಇರುವ ಮರದ ರೂಪ) ಅಕ್ಷರಗಳ ಸಾಲಾಗಿ ಮಾಡಿ ಹ್ಯಾಶ್ (ಆ ಸಾಲಿನಿಂದ ಲೆಕ್ಕಹಾಕಿದ ಚಿಕ್ಕ ಸಂಕೇತ) ತೆಗೆದರೆ ಸಾಕು ಅಂತ ಮೊದಲು ಅನಿಸುತ್ತದೆ. ನನ್ನ 11,000 ಪುಟಗಳು ಬಂದದ್ದು ಹಾಗೇ. ಮೇಲ್ಭಾಗದ ಪಟ್ಟಿಯಲ್ಲಿ ಸೆಕೆಂಡು ತೋರಿಸುವ ಒಂದು ಗಡಿಯಾರ ಇತ್ತು. ಪ್ರತಿ ಸಲ ಹ್ಯಾಶ್ ಬೇರೆ, ಹಾಗಾಗಿ ಪ್ರತಿ ಸಲ ಹೊಸ ಸ್ಥಿತಿ. ಗಡಿಯಾರ ತೆಗೆದ ಮೇಲೂ ಸರಿಹೋಗಲಿಲ್ಲ. ಫಾರಂ ಒಳಗಿನ ಗುಟ್ಟಿನ ಟೋಕನ್, ಲೈಬ್ರರಿ ತಾನೇ ಹುಟ್ಟಿಸುವ ಐಡಿ, ಅರ್ಥವಿಲ್ಲದ ಕ್ಲಾಸ್ ಹೆಸರು, ಅನಿಮೇಶನ್ ನಡುವೆ ಬದಲಾಗುವ ಸ್ಟೈಲ್, ಎಲ್ಲವೂ ಹ್ಯಾಶ್ ಕೆಡಿಸುತ್ತವೆ.

ಏನನ್ನು ತೆಗೆಯಬೇಕು ಅಂತ ಪಟ್ಟಿ ಮಾಡುವುದಕ್ಕಿಂತ, ಏನನ್ನು ಉಳಿಸಿಕೊಳ್ಳಬೇಕು ಅಂತ ಪಟ್ಟಿ ಮಾಡಿ. ತೆಗೆಯುವ ಪಟ್ಟಿಗೆ ಕೊನೆ ಇರುವುದಿಲ್ಲ. ನಾನು ಉಳಿಸಿಕೊಳ್ಳುವುದು ಟ್ಯಾಗ್ ಹೆಸರು, ರೋಲ್ (ಅದು ಬಟನ್ನೋ ಟ್ಯಾಬೋ ಅಂತ ಹೇಳುವ ಗುಣ), ಇನ್‌ಪುಟ್‌ನ ಟೈಪ್ ಮತ್ತು ಹೆಸರು, ಲಿಂಕ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆಗಿಂತ ಮುಂಚಿನ ಭಾಗ, ಜೊತೆಗೆ ಒತ್ತಲಾಗದ್ದು, ಬಿಚ್ಚಿದ್ದು, ಆರಿಸಿದ್ದು ಅಂತ ಹೇಳುವ ಡಿಸೇಬಲ್ಡ್, ಏರಿಯಾ ಎಕ್ಸ್‌ಪ್ಯಾಂಡೆಡ್, ಏರಿಯಾ ಸೆಲೆಕ್ಟೆಡ್ ಗುಣಗಳು. ಪಠ್ಯದಲ್ಲಿ ಬಟನ್, ತಲೆಬರಹ, ಲೇಬಲ್, ದೋಷದ ಸಂದೇಶ ಇವುಗಳ ಮಾತು ಉಳಿಯುತ್ತದೆ. ಅಂಕಿಗಳೆಲ್ಲ ಒಂದೇ ಚಿಹ್ನೆಯಾಗುತ್ತವೆ. ಇದರಿಂದ ‘3 ಸಂದೇಶಗಳು’ ಮತ್ತು ‘4 ಸಂದೇಶಗಳು’ ಒಂದೇ ಆಗಿ ನಿಲ್ಲುತ್ತವೆ.

ಇಷ್ಟಾದ ಮೇಲೂ ಉಳಿಯುವ ಗದ್ದಲವನ್ನು ಹಿಡಿಯಲು ಒಂದು ಸರಳ ಪರೀಕ್ಷೆ ಇದೆ. ಎಲ್ಲಕ್ಕಿಂತ ಮೊದಲು ಇದನ್ನು ಮಾಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಒಂದು ಪುಟ ತೆರೆದು, ಏನೂ ಒತ್ತದೆ, 5 ಸೆಕೆಂಡು ಬಿಟ್ಟು ಎರಡು ಸಲ ಗುರುತು ತೆಗೆಯಿರಿ. ಆಮೇಲೆ ಅದೇ ಪುಟವನ್ನು ಹೊಸ ಬ್ರೌಸರ್ ಕಾಂಟೆಕ್ಸ್ಟ್‌ನಲ್ಲಿ (ಹಳೆಯ ಕುಕಿಗಳಿಲ್ಲದ ಹೊಸ ಕಿಟಕಿಯಂತೆ) ತೆರೆದು ಮೂರನೇ ಸಲ ತೆಗೆಯಿರಿ. ನೀವು ಏನನ್ನೂ ಮಾಡಿಲ್ಲ, ಆದ್ದರಿಂದ ಮೂರೂ ಒಂದೇ ಇರಬೇಕು, ಅಲ್ವಾ? ಬೇರೆಯಾದರೆ, ಎಲ್ಲಿ ಬೇರೆ ಅಂತ ಹೋಲಿಸಿ ನೋಡಿ. ಕಂಡದ್ದೆಲ್ಲ ಗದ್ದಲ. ಹತ್ತು ಪುಟಗಳ ಮೇಲೆ ಹೀಗೆ ಮಾಡಿದರೆ ಒಂದು ಅಪ್ಲಿಕೇಶನ್‌ನ ಗದ್ದಲವೆಲ್ಲ ಹೆಚ್ಚುಕಡಿಮೆ ಹೊರಗೆ ಬರುತ್ತದೆ.

ಮುಂದಿನ ತೊಡಕು ಪಟ್ಟಿಗಳದ್ದು. 20 ಸಾಲಿನ ಟೇಬಲ್ ಮತ್ತು 21 ಸಾಲಿನ ಟೇಬಲ್ ಬಳಸುವವರ ಕಣ್ಣಿಗೆ ಒಂದೇ ಪರದೆ. ಒಂದೇ ಆಕಾರದ ಸಾಲುಗಳು ಒಂದರ ಕೆಳಗೊಂದು ಬಂದರೆ ಅವನ್ನು ಮಡಿಸಿ ಒಂದು ಮಾಡಿ. ಆದರೆ ಪೂರ್ತಿ ಮಡಿಸಬೇಡಿ. ‘ಇಲ್ಲ’, ‘ಒಂದು’, ‘ಹಲವು’ ಅನ್ನುವ ಮೂರು ಗುಂಪು ಇಟ್ಟುಕೊಳ್ಳಿ. ಖಾಲಿ ಪಟ್ಟಿಯ ಪರದೆ ನಿಜವಾಗಿಯೂ ಬೇರೆ ಪರದೆ. ಎಷ್ಟೋ ದೋಷಗಳು ಅಲ್ಲೇ ಅಡಗಿರುತ್ತವೆ.

ಕಣ್ಣಿಗೆ ಕಾಣುವುದನ್ನು ಮಾತ್ರ ಎಣಿಸಿ. ನನಗೆ ಇದು ಹೊಳೆಯಲು ಎರಡು ದಿನ ಹಿಡಿಯಿತು. ಒಂದು ಪುಟದಲ್ಲಿ ನಾಲ್ಕು ಟ್ಯಾಬ್‌ಗಳಿದ್ದವು. ನಾಲ್ಕರ ವಿಷಯವೂ ಮೊದಲೇ ಡಾಮ್‌ನಲ್ಲಿತ್ತು, ಮೂರನ್ನು ಪುಟದ ಅಂದ ನಿರ್ಧರಿಸುವ ಸಿಎಸ್‌ಎಸ್ ಮರೆಮಾಡಿತ್ತು. ಟ್ಯಾಬ್ ಒತ್ತಿದರೆ ಕ್ಲಾಸ್ ಹೆಸರು ಮಾತ್ರ ಬದಲಾಗುತ್ತಿತ್ತು. ಅದನ್ನು ನಾನು ಮೊದಲೇ ಕಿತ್ತು ಹಾಕಿದ್ದೆ. ಕ್ರಾಲರ್ ನಾಲ್ಕನ್ನೂ ಒಂದೇ ಸ್ಥಿತಿ ಅಂದುಕೊಂಡು ಮುಂದೆ ಹೋಯಿತು.

ಇನ್ನು ‘ಹೆಚ್ಚುಕಡಿಮೆ ಒಂದೇ’ ಅಂತ ಅಳೆಯುವ ದಾರಿ. ಹೋಲುವ ಪುಟಗಳಿಗೆ ಹೋಲುವ ಗುರುತು ಕೊಡುವ ಸಿಮ್‌ಹ್ಯಾಶ್ ಇದೆ. ಗೂಗಲ್ ಎಂಜಿನಿಯರುಗಳು 2007ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ 64 ಬಿಟ್ ಗುರುತಿನಲ್ಲಿ 3 ಬಿಟ್‌ವರೆಗಿನ ವ್ಯತ್ಯಾಸವನ್ನು ಒಂದೇ ಪುಟ ಅಂತ ಎಣಿಸಿದ್ದರು. ಎರಡು ಡಾಮ್ ಮರಗಳ ನಡುವಿನ ತಿದ್ದುಪಡಿ ಎಣಿಸುವ ದಾರಿಯೂ ಇದೆ, ಅದು ನಿಧಾನ. ನಾನು ಇವುಗಳಿಂದ ಶುರು ಮಾಡುವುದಿಲ್ಲ. ಕಾರಣ ಎರಡು. ‘ಪಾಸ್‌ವರ್ಡ್ ತಪ್ಪಾಗಿದೆ’ ಅನ್ನುವ ಒಂದು ಸಾಲು ಸ್ಥಿತಿಯನ್ನೇ ಬದಲಿಸುತ್ತದೆ, ಅಳತೆಯಲ್ಲಿ ಮಾತ್ರ ತೀರಾ ಚಿಕ್ಕದು. ಇನ್ನೊಂದು, ‘ಹೆಚ್ಚುಕಡಿಮೆ ಒಂದೇ’ ಅನ್ನುವುದು ಸರಪಳಿಯಲ್ಲಿ ನಿಲ್ಲುವುದಿಲ್ಲ. ಮೊದಲನೆಯದು ಎರಡನೆಯದರಂತೆ, ಎರಡನೆಯದು ಮೂರನೆಯದರಂತೆ ಇದ್ದರೂ ಮೊದಲನೆಯದು ಮೂರನೆಯದರಂತೆ ಇರಬೇಕಾಗಿಲ್ಲ. ಆಗ ಯಾವುದು ಮೊದಲು ಸಿಕ್ಕಿತು ಅನ್ನುವುದರ ಮೇಲೆ ಗ್ರಾಫ್ ಬದಲಾಗುತ್ತದೆ. ನಿನ್ನೆಯ ಓಟವನ್ನು ಇವತ್ತಿನ ಓಟದ ಜೊತೆ ಹೋಲಿಸಲು ಆಗುವುದಿಲ್ಲ. ಚೆನ್ನಾಗಿ ಸೋಸಿ ನಿಖರವಾದ ಹ್ಯಾಶ್ ತೆಗೆಯುವುದೇ ನನಗೆ ಮೇಲು.

ಎಷ್ಟು ಹೊತ್ತು ಕಾಯುವುದು

ಕ್ಲಿಕ್ ಆದ ಮೇಲೆ ಸುಮ್ನೆ 2 ಸೆಕೆಂಡು ನಿಲ್ಲಿಸುವುದು ಬೇಡ. ವೇಗದ ಪುಟದಲ್ಲಿ ಸಮಯ ಹಾಳು, ನಿಧಾನದ ಪುಟದಲ್ಲಿ ಅರ್ಧ ಬಂದ ಪರದೆಯ ಗುರುತು. ಪ್ಲೇರೈಟ್‌ನ ನೆಟ್‌ವರ್ಕ್‌ಐಡಲ್ ಅಂದರೆ 500 ಮಿಲಿಸೆಕೆಂಡು ಯಾವ ವಿನಂತಿಯೂ ಇರಬಾರದು ಎಂದರ್ಥ. ಕೆಲವು ಸೆಕೆಂಡಿಗೊಮ್ಮೆ ಸರ್ವರನ್ನು ಕೇಳುತ್ತಲೇ ಇರುವ ಪುಟದಲ್ಲಿ ಅದನ್ನು ನಂಬಲಾಗುವುದಿಲ್ಲ. ಅದರ ದಾಖಲೆಯೇ ಅದನ್ನು ಬಳಸಬೇಡಿ ಅನ್ನುತ್ತದೆ.

ನಾನು ಎರಡನ್ನು ಸೇರಿಸುತ್ತೇನೆ. ಡಾಮ್ ಬದಲಾದರೆ ತಿಳಿಸುವ ಮ್ಯುಟೇಶನ್ ಅಬ್ಸರ್ವರ್ ಹಾಕಿ ಡಾಮ್ 400 ಮಿಲಿಸೆಕೆಂಡು ಸುಮ್ಮನಿರಬೇಕು. ಆ ಕ್ಲಿಕ್‌ನಿಂದ ಹೊರಟ ವಿನಂತಿಗಳು ಮುಗಿದಿರಬೇಕು. ಎಷ್ಟೇ ಆದರೂ 8 ಸೆಕೆಂಡು ಮಿತಿ. ಶ್ಯಾಡೋ ಡಾಮ್ (ಪುಟದಲ್ಲಿ ಪ್ರತ್ಯೇಕವಾಗಿಟ್ಟ ಡಾಮ್ ಭಾಗ) ಮತ್ತು ಐಫ್ರೇಮ್ (ಪುಟದೊಳಗಿನ ಇನ್ನೊಂದು ಪುಟ) ಒಳಗಿನ ಬದಲಾವಣೆ ಹೊರಗಿನ ಅಬ್ಸರ್ವರ್‌ಗೆ ಕಾಣುವುದಿಲ್ಲ, ಅಲ್ಲಿ ಬೇರೆಯಾಗಿ ಹಾಕಬೇಕು. ಬ್ರೌಸರ್‌ಗೆ ಚಲನೆ ಕಡಿಮೆ ಇರಲಿ ಅನ್ನುವ ಸೆಟ್ಟಿಂಗ್ ಕೊಟ್ಟರೆ, ಅದನ್ನು ಗೌರವಿಸುವ ಪುಟಗಳಲ್ಲಿ ಅನಿಮೇಶನ್ ನಿಲ್ಲುತ್ತದೆ. ದಿನಾಂಕ, ಸಮಯ ತೋರಿಸುವ ಪುಟಕ್ಕೆ ಪ್ಲೇರೈಟ್‌ನ ಸೆಟ್‌ಫಿಕ್ಸೆಡ್‌ಟೈಮ್ ಒಳ್ಳೆಯದು. ಅದು ಗಡಿಯಾರವನ್ನು ಮಾತ್ರ ಹಿಡಿದಿಡುತ್ತದೆ, ಟೈಮರ್‌ಗಳು ಎಂದಿನಂತೆ ಓಡುತ್ತವೆ.

ಏನನ್ನು ಒತ್ತುವುದು, ಏನನ್ನು ಮುಟ್ಟಬಾರದು

ಲಿಂಕ್, ಬಟನ್, ಸಮ್ಮರಿ, ಬಟನ್ ಅಥವಾ ಟ್ಯಾಬ್ ರೋಲ್ ಇರುವ ಎಲಿಮೆಂಟ್, ಇವು ಸುಲಭವಾಗಿ ಸಿಗುತ್ತವೆ. ಕಷ್ಟ ಇರುವುದು ಕ್ಲಿಕ್ ಕೇಳುವ ಸಾದಾ ಡಿವ್‌ಗಳದ್ದು. ಪುಟದ ಸ್ಕ್ರಿಪ್ಟ್ ಓಡುವ ಮೊದಲೇ ಕ್ಲಿಕ್ ಕೇಳಲು ಹೆಸರು ನೋಂದಾಯಿಸುವ ಆಡ್‌ಇವೆಂಟ್‌ಲಿಸನರ್ ಅನ್ನು ನಮ್ಮ ಕೋಡ್‌ನಿಂದ ಸುತ್ತಿಟ್ಟು ಯಾವ ಎಲಿಮೆಂಟ್ ಕೇಳುತ್ತಿದೆ ಅಂತ ಬರೆದುಕೊಳ್ಳಬಹುದು. ಆದರೆ ಪರದೆ ಕಟ್ಟಲು ಬಳಸುವ ರಿಯಾಕ್ಟ್ ಲೈಬ್ರರಿ 17ನೇ ಆವೃತ್ತಿಯಿಂದ ಈಚೆಗೆ ಬಹುತೇಕ ಇವೆಂಟ್‌ಗಳನ್ನು ಅಪ್ಲಿಕೇಶನ್‌ನ ಬೇರಿನ ಎಲಿಮೆಂಟ್ ಮೇಲೆ ಕೇಳುತ್ತದೆ. ಆಗ ನಿಮಗೆ ಬೇರು ಮಾತ್ರ ಸಿಗುತ್ತದೆ. ಅಂಥಲ್ಲಿ ಮೌಸ್ ಕೈಯಾಕಾರಕ್ಕೆ ತಿರುಗುವ ಎಲಿಮೆಂಟ್ ಹುಡುಕಿ. ಸಾದಾ ಉಪಾಯ, ಆದರೂ ಚೆನ್ನಾಗಿ ನಡೆಯುತ್ತದೆ.

ಮುಟ್ಟಬಾರದ್ದರ ಬಗ್ಗೆ ದಯವಿಟ್ಟು ಗಮನ ಕೊಡಿ. ಒಂದು ಸಲ ನನ್ನ ಕ್ರಾಲರ್ ಕಸದಬುಟ್ಟಿಯ ಚಿತ್ರವಿದ್ದ ಬಟನ್ ಒತ್ತಿತು. ತಂಡದವರು 3 ವಾರ ಕೂತು ತುಂಬಿಸಿದ್ದ ಪರೀಕ್ಷಾ ಮಾಹಿತಿ ಪೂರ್ತಿ ಹೋಯಿತು. ‘ಅಳಿಸು’ ಅನ್ನುವ ಪದ ಹುಡುಕಿ ತಪ್ಪಿಸುವ ನಿಯಮ ನನ್ನಲ್ಲಿತ್ತು. ಆ ಬಟನ್ ಮೇಲೆ ಪದವೇ ಇರಲಿಲ್ಲ. ಅವತ್ತಿನಿಂದ ತಡೆಯನ್ನು ನೆಟ್‌ವರ್ಕ್ ಮಟ್ಟದಲ್ಲಿ ಹಾಕುತ್ತೇನೆ. ಸರ್ವರ್‌ನ ಮಾಹಿತಿ ಅಳಿಸುವ, ಬದಲಿಸುವ ಡಿಲೀಟ್, ಪುಟ್, ಪ್ಯಾಚ್ ವಿನಂತಿಗಳು ಹೊರಗೆ ಹೋಗುವುದೇ ಇಲ್ಲ. ಮಾಹಿತಿ ಕಳಿಸುವ ಪೋಸ್ಟ್ ವಿನಂತಿಯಲ್ಲಿ ಅನುಮತಿ ಕೊಟ್ಟ ವಿಳಾಸಕ್ಕೆ ಮಾತ್ರ ದಾರಿ. ಅಪ್ಲಿಕೇಶನ್ ಸರ್ವರ್ ಜೊತೆ ಮಾತಾಡಲು ಗ್ರಾಫ್‌ಕ್ಯುಎಲ್ ಭಾಷೆ ಬಳಸುತ್ತಿದ್ದರೆ ಓದುವುದೂ ಸಾಮಾನ್ಯವಾಗಿ ಪೋಸ್ಟ್ ಮೂಲಕವೇ ಹೋಗುತ್ತದೆ. ಅಲ್ಲಿ ವಿನಂತಿಯ ಒಳಗೆ ನೋಡಿ ಮ್ಯುಟೇಶನ್ (ಮಾಹಿತಿ ಬದಲಿಸುವ ಆದೇಶ) ಇದ್ದರೆ ತಡೆಯಬೇಕು. ಓದುವುದಕ್ಕಷ್ಟೇ ಇರುವ ಗೆಟ್ ವಿನಂತಿಯಿಂದಲೂ ಲಾಗ್‌ಔಟ್ ಆಗುವ ಅಪ್ಲಿಕೇಶನ್‌ಗಳಿವೆ, ಅದನ್ನು ಬೇರೆಯಾಗಿ ತಡೆಯಿರಿ.

ನಿಮ್ಮದೇ ಅಪ್ಲಿಕೇಶನ್ ಅಥವಾ ಅನುಮತಿ ಸಿಕ್ಕ ಅಪ್ಲಿಕೇಶನ್ ಮೇಲೆ ಮಾತ್ರ ಓಡಿಸಿ. ಕ್ರಾಲರ್‌ಗಳು ಎಲ್ಲಿ ಹೋಗಬಾರದು ಅಂತ ಸೈಟ್ ಹೇಳುವ ರೋಬೋಟ್ಸ್ ಕಡತ 1994ರಿಂದ ರೂಢಿಯಲ್ಲಿದೆ, 2022ರಲ್ಲಿ ಆರ್‌ಎಫ್‌ಸಿ 9309 ಅನ್ನುವ ಇಂಟರ್‌ನೆಟ್ ಮಾನದಂಡವಾಗಿ ಬಂತು. ಅದನ್ನು ಓದಿ, ಪಾಲಿಸಿ. ಸರ್ವರ್ 429 (ವಿನಂತಿಗಳು ಜಾಸ್ತಿಯಾದವು ಅನ್ನುವ ಉತ್ತರ) ಕಳಿಸಿದರೆ ನಿಲ್ಲಿಸಿ, ಅದು ಹೇಳಿದಷ್ಟು ಹೊತ್ತು ಬಿಟ್ಟು ಮುಂದುವರಿಸಿ.

ಹಿಂದಕ್ಕೆ ಮರಳುವುದು

ಬ್ರೌಸರ್‌ನ ಹಿಂದೆ ಬಟನ್ ನೆಚ್ಚಿಕೊಳ್ಳಬೇಡಿ. ಅದು ವಿಳಾಸವನ್ನು ವಾಪಸ್ ತರಬಹುದು, ತೆರೆದಿದ್ದ ಡೈಲಾಗನ್ನು ತರುವುದಿಲ್ಲ. ಪ್ರತಿ ಸ್ಥಿತಿಯ ಜೊತೆ ಅಲ್ಲಿಗೆ ಬಂದ ಕ್ಲಿಕ್‌ಗಳ ಸಾಲನ್ನು ಬರೆದಿಡಿ. ಮರಳಬೇಕಾದಾಗ ಹೊಸ ಕಾಂಟೆಕ್ಸ್ಟ್ ತೆರೆದು ಮೊದಲಿನಿಂದ ಒತ್ತುತ್ತಾ ಬನ್ನಿ. ಪ್ರತಿ ಹೆಜ್ಜೆಯಲ್ಲೂ ಗುರುತು ಸರಿ ಇದೆಯಾ ಅಂತ ನೋಡಿ. ಸರಿ ಇಲ್ಲದಿದ್ದರೆ ಆ ದಾರಿಗೆ ‘ನಂಬಲಾಗದು’ ಅಂತ ಚೀಟಿ ಹಚ್ಚಿ ಬಿಟ್ಟುಬಿಡಿ. ಎಲಿಮೆಂಟನ್ನು ಅದರ ರೋಲ್ ಮತ್ತು ಕಾಣುವ ಹೆಸರಿನಿಂದ ಹುಡುಕಿದರೆ ದಾರಿ ಗಟ್ಟಿಯಾಗಿರುತ್ತದೆ.

ದಾರಿ ಉದ್ದವಾದಂತೆ ಮರಳುವ ಖರ್ಚೂ ಏರುತ್ತದೆ. ಅದಕ್ಕೇ ಆಳಕ್ಕೆ ಇಳಿಯುವ ಮೊದಲು ಅಗಲಕ್ಕೆ ಹರಡಿ ಹುಡುಕುತ್ತೇನೆ. ಎಲ್ಲ ದಾರಿಗಳೂ ಚಿಕ್ಕದಾಗಿರುತ್ತವೆ. ಒಂದು ಸ್ಥಿತಿಯ ವಿಳಾಸವನ್ನು ನೇರವಾಗಿ ತೆರೆದಾಗ ಅದೇ ಗುರುತು ಬಂದರೆ ಅದನ್ನೇ ಅಡ್ಡದಾರಿಯಾಗಿ ಇಟ್ಟುಕೊಳ್ಳಿ.

ನಿಲ್ಲಿಸಲು ಮಿತಿ ಬೇಕು. ಕ್ಯಾಲೆಂಡರ್‌ನ ‘ಮುಂದಿನ ತಿಂಗಳು’ ಬಟನ್‌ಗೆ ಕೊನೆಯೇ ಇಲ್ಲ. ಆಳಕ್ಕೆ ಒಂದು ಮಿತಿ, ಜೊತೆಗೆ ಸತತ 200 ಕ್ಲಿಕ್‌ಗಳಲ್ಲಿ ಹೊಸ ಸ್ಥಿತಿ ಬಾರದಿದ್ದರೆ ಮುಗಿಯಿತು ಅಂತ ನನ್ನ ಲೆಕ್ಕ.

ಪ್ರತಿ ಸ್ಥಿತಿಗೂ ಒಂದು ಸ್ಕ್ರೀನ್‌ಶಾಟ್ ತೆಗೆಸಿ, ಓಟ ಮುಗಿದ ಮೇಲೆ ನೀವೇ ಕೂತು ನೋಡಿ. ಎರಡು ಬಿಂದುಗಳ ಚಿತ್ರ ಒಂದೇ ಆಗಿದ್ದರೆ ಸೋಸಿದ್ದು ಸಾಲದು. ಒಂದೇ ಸ್ಥಿತಿಯಲ್ಲಿ ಒಂದೇ ಬಟನ್ ಒತ್ತಿದಾಗ ಒಮ್ಮೆ ಒಂದು ಕಡೆ, ಇನ್ನೊಮ್ಮೆ ಬೇರೆ ಕಡೆ ಹೋದರೆ, ಬಹುಶಃ ಜಾಸ್ತಿ ಸೋಸಿದ್ದೀರಿ. ಎರಡು ಬೇರೆ ಸ್ಥಿತಿಗಳು ಒಂದರೊಳಗೆ ಬೆರೆತಿವೆ.

ಮೊದಲು ಹೇಳಿದ ಆ ಅಪ್ಲಿಕೇಶನ್ ಈಗ 64 ಸ್ಥಿತಿಗಳಲ್ಲಿ ನಿಲ್ಲುತ್ತದೆ. ಅವುಗಳಲ್ಲಿ ಒಂದು ಬಿಂದುವಿಗೆ ಒಳಗೆ ಬರುವ ಬಾಣ ಮೂರು, ಹೊರಗೆ ಹೋಗುವ ಬಾಣ ಒಂದೂ ಇರಲಿಲ್ಲ. ಸ್ಕ್ರೀನ್‌ಶಾಟ್ ತೆರೆದು ನೋಡಿದೆ. ದೋಷ ತೋರಿಸುವ ಒಂದು ಡೈಲಾಗ್. ಅದರ ಮುಚ್ಚುವ ಬಟನ್ ಇನ್ನೊಂದು ಪದರದ ಕೆಳಗೆ ಸಿಕ್ಕಿಕೊಂಡಿತ್ತು, ಯಾರೂ ಒತ್ತಲು ಆಗುತ್ತಿರಲಿಲ್ಲ.