ಕತ್ತರಿ ಹಾಕದೆ ಗ್ರಾಮಸಭೆ ತೋರಿಸಿದ ಕಥೆ: ನನ್ನ ಅನುಭವ

ನಮ್ಮ ಕಡೆಯ ಗ್ರಾಮಸಭೆಗಳನ್ನು ಪೂರ್ತಿಯಾಗಿ ಊರಿನ ಕೇಬಲ್ ಟಿವಿಯಲ್ಲಿ ತೋರಿಸ್ತೀನಿ ಅಂದಾಗ, "ಮೂರು ಗಂಟೆ ಗ್ರಾಮಸಭೆ ಯಾರು ನೋಡ್ತಾರೆ? ಯಾರಾದ್ರೂ ಕುರ್ಚಿ ಎಸೆದರೆ ಆ ಎರಡು ನಿಮಿಷ ಹಾಕು, ಸಾಕು" ಅಂತ ಮಂಡ್ಯದ ಕೇಬಲ್ ಗೆಳೆಯರು ನಕ್ಕಿದ್ದರು. ಈಗ ಪಾಂಡವಪುರ ಕಡೆಯ ಮೂರು ಪಂಚಾಯಿತಿಯವರು ಸಭೆಯ ತಾರೀಖನ್ನು ಅವರೇ ಫೋನ್ ಮಾಡಿ ಹೇಳುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕ್ಯಾಮೆರಾ ವಿಷಯ ನಿಮಗೆಲ್ಲ ಗೊತ್ತು, ಬಿಡಿ. ನನಗೆ ಮಣ್ಣು ಮುಕ್ಕಿಸಿದ್ದು ಸದ್ದು. ಮೊದಲ ಸಭೆ ಶಾಲೆ ಅಂಗಳದ ಶಾಮಿಯಾನದಲ್ಲಿ, ಮೈಕು ಅಧ್ಯಕ್ಷರ ಮೇಜಿನ ಮೇಲೆ. ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಎದ್ದು, ರೇಷನ್ ಕಾರ್ಡ್ ಆಡಿಸುತ್ತಾ ಐದು ನಿಮಿಷ ಉಗಿದರು. ಮನೆಗೆ ಬಂದು ಹಾಕಿ ನೋಡಿದರೆ ಕೇಳಿಸಿದ್ದು ಫ್ಯಾನಿನ ಗೊರಗೊರ, ಪಿಡಿಒ ಕಾಗದ ತಿರುವುವ ಸದ್ದು. ವೈರ್‌ಲೆಸ್ ಮೈಕಿಗೆ 9 ಸಾವಿರ ಸುರಿದೆ. ಸಭೆ ಮಧ್ಯೆ ಬ್ಯಾಟರಿ ಸತ್ತಿತು. ಕೊನೆಗೆ ಕೈ ಹಿಡಿದಿದ್ದು ಉದ್ದ ವೈರಿನ ಹಳೇ ಮೈಕು, ಅದನ್ನು ಹಿಡಿದು ಓಡಾಡಲು ಒಬ್ಬ ಹುಡುಗ. ಮೈಕು ಬಾಯಿಯ ಹತ್ತಿರ ಬಂದರೆ ಜನ ಕೂಗಾಡುವುದು ಬಿಟ್ಟು ಮಾತಾಡುತ್ತಾರೆ. ಹುಡುಗ ಎಲ್ಲಿ ನಿಲ್ಲಬೇಕು ಅನ್ನುವುದರಲ್ಲಿ ಒಂದು ಗುಟ್ಟಿದೆ. ಅದು ನನ್ನ ಹತ್ತಿರವೇ ಇರಲಿ.

ಇನ್ನು ದುಡ್ಡು. ಮೊದಲ ವರ್ಷ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಸೇರಿ 70 ಸಾವಿರದ ಹತ್ತಿರ ಹೋಯಿತು. ಒಬ್ಬ ಪುಢಾರಿ "ಪೂರ್ತಿ ನಾನೇ ಕೊಡ್ತೀನಿ, ಮೂಲೆಯಲ್ಲಿ ನನ್ನ ಫೋಟೊ ಇರಲಿ" ಅಂದರು. ಬೇಡ ಅಂದೆ. ಹೆಂಡತಿ ಎರಡು ದಿನ ಮಾತು ಬಿಟ್ಟಳು. ಸಭೆ ತೋರಿಸುವ ಬೇರೆ ಚಾನೆಲ್‌ಗಳಿಗೆ ದುಡ್ಡು ಎಲ್ಲಿಂದ ಅಂತ ನೋಡಿದೆ. ನಮ್ಮ ಸಂಸದ್ ಟಿವಿಯನ್ನು ಸಂಸತ್ತೇ ನಡೆಸುತ್ತದೆ. ಅಮೆರಿಕದ ಸಂಸತ್ತಿನ ಕಲಾಪ ತೋರಿಸುವ ಸಿ-ಸ್ಪ್ಯಾನ್ ಚಾನೆಲ್ ಹಾಗಲ್ಲ. 1979ರಲ್ಲಿ ಶುರುವಾದಾಗಿನಿಂದ ಅದಕ್ಕೆ ಸರ್ಕಾರದ ಕಾಸಿಲ್ಲ. ಕೇಬಲ್ ಕಂಪನಿಗಳು ಚಂದಾದಾರರ ತಲೆ ಲೆಕ್ಕದಲ್ಲಿ ಒಂದಿಷ್ಟು ಕೊಡುತ್ತವೆ. ಅದೇ ಲೆಕ್ಕವನ್ನು ನಮ್ಮ ಕೇಬಲ್ ಆಪರೇಟರ್ ಮುಂದೆ ಇಟ್ಟೆ: ಮನೆಗೆ ತಿಂಗಳಿಗೆ 1 ರೂಪಾಯಿ. ಸುಮಾರು 1,800 ಮನೆ. ಪೆಟ್ರೋಲು, ಹುಡುಗನ ಕೂಲಿ, ಟೀ ಕಳೆದರೆ ಏನೂ ಉಳಿಯಲ್ಲ. ಆದರೆ ಕೈಯಿಂದಲೂ ಹೋಗಲ್ಲ.

ಮಧ್ಯೆ ಒಂದು ಹುಚ್ಚು ಹತ್ತಿತು. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕಟ್ಟು ನೀರಿನ ಬಗ್ಗೆ, ಅಂದರೆ ಕೆಲ ದಿನ ಹರಿಸಿ ಕೆಲ ದಿನ ನಿಲ್ಲಿಸುವ ನೀರಿನ ಬಗ್ಗೆ, ರೈತರ ಸಭೆ ಇತ್ತು, ಫೋನಿನಲ್ಲೇ ಲೈವ್ ಬಿಟ್ಟೆ. ಸಿಗ್ನಲ್ ಸಿಗಲಿ ಅಂತ ಟ್ರ್ಯಾಕ್ಟರ್ ಮೇಲೆ ನಿಂತಿದ್ದೆ. ನೋಡಿದವರು ಹನ್ನೊಂದು ಜನ, ಅದರಲ್ಲಿ ಒಬ್ಬ ನನ್ನ ಭಾವಮೈದ.

ನೋಡುಗರು ಬಂದಿದ್ದು ಒಂದು ಸಣ್ಣ ಪಟ್ಟಿಯಿಂದ. ಪ್ರಸಾರಕ್ಕೆ ಮೊದಲು ವಾಟ್ಸಾಪ್‌ನಲ್ಲಿ ಹಾಕುತ್ತೇನೆ: "7.40ಕ್ಕೆ ಎರಡನೇ ವಾರ್ಡ್ ಚರಂಡಿ, 8.15ಕ್ಕೆ ನರೇಗಾ ಬಿಲ್ಲು." ಮೂರು ಗಂಟೆ ಯಾರೂ ಕೂರಲ್ಲ, ಗೆಳೆಯರು ಹೇಳಿದ್ದು ನಿಜವೇ. ತಮ್ಮ ಬೀದಿಯ ಸರದಿಗೆ ಟಿವಿ ಹಾಕುತ್ತಾರೆ, ಅಷ್ಟೇ.

ಕರೆಂಟ್ ಕಾಟ ಮಾತ್ರ ಇನ್ನೂ ತಪ್ಪಿಲ್ಲ. 4 ಸಾವಿರದೊಳಗೆ ಹಳೇ ಯುಪಿಎಸ್ ಯಾರ ಹತ್ತಿರವಾದರೂ ಇದ್ದರೆ ಹೇಳಿ.