ಹಾಲಿನ ಪಾಸ್‌ಬುಕ್ಕಲ್ಲಿ ಬರೆದ ಪ್ರಾಕ್ಟೀಸು

ನಾನು ನಮ್ಮೂರ ಕಬಡ್ಡಿ ಟೀಮಲ್ಲಿ ಲೆಫ್ಟ್ ಕಾರ್ನರ್ (ಅಂಕಣದ ಎಡ ತುದೀಲಿ ನಿಂತು ರೈಡರ್‌ನ ಹಿಡಿಯೋ ಜಾಗ) ಆಡ್ತೀನಿ, ಕ್ಯಾಪ್ಟನ್ನೂ ನಾನೇ. ಮಂಡ್ಯ ಕಡೆ ಹಳ್ಳಿ, ಮನೇಲಿ ಮೂರು ಹಸು, ಒಂದೂವರೆ ಎಕರೆ ಕಬ್ಬು. ದಿನಾ ಬಿಡದೆ ಹೆಂಗಣ್ಣ ಪ್ರಾಕ್ಟೀಸ್ ಮಾಡ್ತೀಯ ಅಂತ ಸುಮಾರು ಹುಡುಗರು ಕೇಳ್ತಾರೆ, ಅದಕ್ಕೇ ನಾನು ಮಾಡಿದ್ದನ್ನ ಮಾಡಿದ ಹಂಗೇ ಬರೀತಿದೀನಿ.

ಮುಂಚೆ ನಮ್ದು ಸೀಸನ್ ಪ್ರಾಕ್ಟೀಸು. ಪಕ್ಕದೂರಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ಅಂತ ಪಾಂಪ್ಲೆಟ್ ಬಂತು ಅಂದ್ರೆ ಹದಿನೈದು ದಿನ ಜೋರು, ಮೈಕೈ ಎಲ್ಲ ನೋವು, ಟೂರ್ನಮೆಂಟ್ ಮುಗಿದ ಮೇಲೆ ಎರಡು ತಿಂಗಳು ಯಾರೂ ಗ್ರೌಂಡ್ ಕಡೆ ತಲೆ ಹಾಕ್ತಿರ್ಲಿಲ್ಲ. 2018ರಲ್ಲಿ ಒಂದು ಕ್ವಾರ್ಟರ್ ಫೈನಲ್, ರಾತ್ರಿ ಎರಡು ಗಂಟೆ ಮೇಲಾಗಿತ್ತು, ನಾವು ಒಂದು ಪಾಯಿಂಟ್ ಮುಂದೆ, ಅಂಕಣದಲ್ಲಿ ಉಳಿದಿದ್ದು ಮೂರೇ ಜನ, ಅವರಿಗೆ ಕೊನೇ ರೈಡು, ಅದೂ ಡೂ ಆರ್ ಡೈ, ಅಂದ್ರೆ ಪಾಯಿಂಟ್ ತರದಿದ್ರೆ ರೈಡರೇ ಔಟು. ಮೂರೇ ಜನ ಇರುವಾಗ ಹಿಡಿದ್ರೆ ಸೂಪರ್ ಟ್ಯಾಕಲ್, ಒಂದರ ಬದಲು ಎರಡು ಪಾಯಿಂಟು. ರೈಡರ್ ನನ್ನ ಕಡೆಗೇ ಬಂದು ಕಾಲು ಚಾಚಿದ, ನಾನು ಕಾಲ್ಗಿಣ್ಣಿಗೆ ಕೈ ಹಾಕ್ದೆ, ಸಿಕ್ತು ಕೂಡ. ಆದ್ರೆ ತೊಡೇಲಿ ಕಸುವಿರ್ಲಿಲ್ಲ, ಅವನು ಎಳೆದ ತಕ್ಷಣ ನನ್ನ ಮೊಣಕಾಲು ನೆಲಕ್ಕೆ ಹೋಯ್ತು, ಕೈ ಜಾರ್ತು. ಹಿಂದಿಂದ ಬಂದ ನಮ್ಮ ಕವರ್ ಹುಡುಗನ್ನೂ (ಕವರ್ ಅಂದ್ರೆ ಕಾರ್ನರ್‌ಗೆ ಸಪೋರ್ಟಿಗೆ ಬರೋನು) ಸೇರಿಸಿ ಎರಡು ಪಾಯಿಂಟ್ ತಗೊಂಡು ನಡುಗೆರೆ ಮುಟ್ಟಿಬಿಟ್ಟ, ನಾವು ಸೋತ್ವಿ. ತಪ್ಪು ನಂದು, ಆದ್ರೆ ನಾನು ಆ ಹುಡುಗನ್ನ ಎಲ್ರೆದುರಿಗೆ ಬೈದೆ, ಲೇಟಾಗಿ ಬಂದೆ ಅಂತ. ಅವನಿಗಾಗ ಹತ್ತೊಂಬತ್ತು ವರ್ಷ. ಮಾರನೇ ದಿನದಿಂದ ಆಟಕ್ಕೆ ಬರ್ಲೇ ಇಲ್ಲ.

ಅದೇ ವಾರ ಡೈರೀಲಿ ಹಾಲು ಹಾಕೋಕೆ ಸಾಲಲ್ಲಿ ನಿಂತಿದ್ದಾಗ ಸುಮ್ನೆ ಪಾಸ್‌ಬುಕ್ ತಿರುವಿದೆ. ತಾರೀಕು, ಬೆಳಗ್ಗೆ ಎಷ್ಟು ಲೀಟರು, ಫ್ಯಾಟ್ ಎಷ್ಟು, ಸಂಜೆ ಎಷ್ಟು. ಒಂದು ಹೊತ್ತೂ ಖಾಲಿ ಇಲ್ಲ. ಮದುವೆ ಇರ್ಲಿ, ತಿಥಿ ಇರ್ಲಿ, ಜ್ವರ ಬಂದಿರ್ಲಿ, ಹಾಲು ಕರೀಲೇಬೇಕು, ಕೆಚ್ಚಲಲ್ಲಿ ಹಾಲು ಬಿಟ್ರೆ ಕೆಚ್ಚಲು ಬಾವು ಬರುತ್ತೆ ಅಂತ ಭಯ. ವರ್ಷಗಟ್ಟಲೆ ದಿನಕ್ಕೆ ಎರಡು ಹೊತ್ತು ತಪ್ಪಿಸದೆ ಮಾಡ್ತಿರೋ ಮನುಷ್ಯ ನಾನು, ಹಂಗಿದ್ಮೇಲೆ ನನಗೆ ಶಿಸ್ತಿಲ್ಲ ಅಂತ ಹೆಂಗೆ ಹೇಳೋದು? ಶಿಸ್ತು ಇತ್ತು, ಕಬಡ್ಡೀನ ಅದಕ್ಕೆ ಗಂಟು ಹಾಕಿರ್ಲಿಲ್ಲ ಅಷ್ಟೇ.

ಅವತ್ತಿಂದ ಮಾಡಿದ್ದು ಒಂದೇ, ಹಾಲು ಹಾಕಿದ ಮೇಲೆ ಮನೆಗೆ ವಾಪಸ್ ಹೋಗೋದು ಬಿಟ್ಟೆ. ಲುಂಗಿ ಒಳಗೇ ಚಡ್ಡಿ ಹಾಕ್ಕೊಂಡು ಹೊರಡ್ತಿದ್ದೆ, ಕ್ಯಾನ್ ತೊಳೆದು ಗಾಡಿಗೆ ನೇತುಹಾಕಿ ಸೀದಾ ಸ್ಕೂಲ್ ಗ್ರೌಂಡ್. ಮನೆಗೆ ಹೋದ್ರೆ ಕಾಫಿ, ಪೇಪರ್, ಫೋನು, ಅಲ್ಲಿಗೆ ಆ ದಿನದ ಪ್ರಾಕ್ಟೀಸ್ ಮುಗೀತು ಅಂತಲೇ ಲೆಕ್ಕ. ಮೊದಲನೇ ತಿಂಗಳು ಬರೀ ಇಪ್ಪತ್ತು ನಿಮಿಷ ಮಾಡ್ದೆ, ಜಾಸ್ತಿ ಮಾಡೋ ಆಸೆ ಆದ್ರೂ ಮಾಡ್ಲಿಲ್ಲ. ಗ್ರೌಂಡ್ ಎರಡು ಸುತ್ತು ಓಟ, ನಲವತ್ತು ಬಸ್ಕಿ, ಆಮೇಲೆ ಬೇವಿನ ಮರದ ಕೊಂಬೆಗೆ ಒದ್ದೆ ಟವೆಲ್ ಹಾಕಿ ಎರಡೂ ತುದಿ ಹಿಡಿದು ಜೋತು ಬೀಳೋದು. ಈ ಟವೆಲ್ ಕೆಲಸಕ್ಕೆ ಬರೋದು ಯಾಕಂದ್ರೆ ಎರಡನೇ ಹಾಫಲ್ಲಿ ಎದುರಾಳಿ ಕಾಲು ಬೆವರಿಗೆ ಜಾರ್ತಿರುತ್ತೆ, ಒಣ ಕಂಬಿ ಹಿಡಿದು ಜೋತು ಬಿದ್ರೆ ಆ ಹಿಡಿತ ಬರಲ್ಲ. ಕೊನೇಗೆ 30 ಸೆಕೆಂಡು, ಅಂದ್ರೆ ಒಂದು ರೈಡಿನ ಹೊತ್ತು, ಮಂಡಿ ಬಗ್ಗಿಸಿ ಕೂತ ಪೊಸಿಷನ್ನಲ್ಲೇ ಅಕ್ಕಪಕ್ಕ ಸರಿಯೋದು, ಸೊಂಟ ಎತ್ತೋ ಹಾಗಿಲ್ಲ. ಇದು ಹತ್ತು ಸಲ. ಬೆವರು ಇಳಿಯೋದು ಇದರಲ್ಲೇ.

ಬರೆಯೋಕೆ ಮನೇಲಿದ್ದ ಹಳೇ ಪಾಸ್‌ಬುಕ್ಕೇ ತಗೊಂಡೆ, ಅರ್ಧ ಖಾಲಿ ಇತ್ತು. ಲೀಟರ್ ಕಾಲಂನಲ್ಲಿ ಬಸ್ಕಿ ಎಷ್ಟು ಅಂತ, ಫ್ಯಾಟ್ ಕಾಲಂನಲ್ಲಿ ರಾತ್ರಿ ಎಷ್ಟು ಗಂಟೆ ನಿದ್ದೆ ಅಂತ. ಎರಡು ತಿಂಗಳಾದ್ಮೇಲೆ ನೋಡಿದ್ರೆ ಬಸ್ಕಿ ಕಮ್ಮಿ ಬಿದ್ದ ದಿನಗಳ ಪಕ್ಕದಲ್ಲೆಲ್ಲ ನಿದ್ದೆ ಐದು, ಐದೂವರೆ. ಊಟದ ಬಗ್ಗೆ ನಾನು ಏನೇನೋ ಯೋಚನೆ ಮಾಡ್ತಿದ್ದೆ, ಮುದ್ದೆ, ಹೆಸರುಕಾಳು ಸಾರು, ಮೊಟ್ಟೆ ಮನೇಲಿ ಹೆಂಗೂ ಇದ್ದೇ ಇತ್ತು, ನನಗೆ ಬೇಕಾಗಿದ್ದು ಒಂಬತ್ತೂವರೆಗೆ ಮಲಗೋದು. ಅದನ್ನ ಅಭ್ಯಾಸ ಮಾಡೋಕೆ ಬಸ್ಕಿಗಿಂತ ಜಾಸ್ತಿ ಕಷ್ಟ ಆಯ್ತು.

ಸಂಜೆ ಕಾಲಂ ಖಾಲಿ ಉಳೀತಿತ್ತು. ಅಲ್ಲಿ ಟೀಮಿನ ಯಾರ ಹತ್ರ ಮಾತಾಡಿದೆ ಅಂತ ಬರೆಯೋಕೆ ಶುರು ಮಾಡ್ದೆ. ದಿನಕ್ಕೆ ಒಬ್ಬ, ಆಟದ ವಿಷಯ ಮೊದಲೇ ಎತ್ತೋದಿಲ್ಲ, ಕೆಲಸ ಹೆಂಗೈತೆ, ಮಂಡಿ ನೋವು ಹೆಂಗೈತೆ, ಅಷ್ಟೇ. ಮೊದಲನೇ ಹೆಸರು ಅದೇ ಕವರ್ ಹುಡುಗಂದು. ಅವರ ಮನೆಗೇ ಹೋದೆ, ಅವರಮ್ಮ ಜಗಲಿ ಮೇಲೆ ಅವರೆಕಾಯಿ ಸುಲೀತಿದ್ರು. ತಪ್ಪಾಯ್ತು ಕಣೋ, ನನ್ನ ಕಾಲಲ್ಲೇ ಶಕ್ತಿ ಇರ್ಲಿಲ್ಲ, ನಿನ್ನ ಮೇಲೆ ಹಾಕ್ದೆ ಅಂದೆ. ಅವನು ತಲೆ ಎತ್ತಲಿಲ್ಲ, ‘ಬಿಡಣ್ಣ’ ಅಂದ. ಸೋತ ರಾತ್ರಿ ನಾನು ಯಾರಿಗೂ ಏನೂ ಹೇಳೋದಿಲ್ಲ ಅನ್ನೋದು ಅವತ್ತಿಂದ ಹಿಡಿದಿರೋ ನಿಯಮ.

ಬೆಳಗ್ಗೆ ಯಾರನ್ನೂ ಬನ್ನಿ ಅಂತ ಕರೀಲಿಲ್ಲ. ಮಣ್ಣು ಕೆದಕಿ, ಕಲ್ಲು ಆರಿಸಿ, ನೀರು ಚಿಮುಕಿಸಿ ಒಬ್ಬನೇ ಮಾಡ್ತಿದ್ದೆ. ಮೂರು ವಾರ ಒಬ್ಬನೇ. ಆಮೇಲೆ ಇಬ್ಬರು ಬಂದ್ರು, ಒಂದು ದಿನ ಕವರ್ ಹುಡುಗಾನೂ ಬಂದು ಮಾತಾಡದೆ ಕಲ್ಲು ಆರಿಸೋಕೆ ಶುರು ಮಾಡ್ದ. ಹುಡುಗರಿಗೆಲ್ಲ ಟೀವೀಲಿ ನೋಡಿದ ಡುಬ್ಕಿ (ಹಿಡಿಯೋಕೆ ಬಂದವರ ಕೈ ಕೆಳಗೆ ಬಗ್ಗಿ ನುಸುಳೋ ರೈಡರ್ ಪಟ್ಟು) ಕಲೀಬೇಕು ಅಂತ ಆಸೆ, ತಪ್ಪಲ್ಲ, ಆದ್ರೆ ನಾನು ಅವರಿಗೆ ನಮ್ಮ ಕರ್ನಾಟಕದ ಬಿ.ಸಿ. ರಮೇಶ್ ಅವರು ಕೋಚ್ ಆಗಿದ್ದ ಟೀಮುಗಳ ಮ್ಯಾಚ್ ಹಾಕಿ ತೋರಿಸ್ತೀನಿ. 2019ರಲ್ಲಿ ಬೆಂಗಾಲ್ ವಾರಿಯರ್ಸ್, 2024ರಲ್ಲಿ ಪುಣೇರಿ ಪಲ್ಟನ್, ಎರಡೂ ಪ್ರೊ ಕಬಡ್ಡಿ ಗೆದ್ದಾಗ ಕೋಚ್ ಅವರೇ. ರೈಡರ್‌ನ ನೋಡ್ಬೇಡ್ರೋ, ಕಾರ್ನರ್ ಕಾಲು ನೋಡ್ರೋ ಅಂತೀನಿ.

ಎಲ್ಲಾ ಸರಿಯಾಗಿ ನಡೀತು ಅಂತ ಅಲ್ಲ. ಕಬ್ಬು ಕಡಿಯೋ ಟೈಮಲ್ಲಿ ಒಂದು ಸಲ, ಅಪ್ಪ ಆಸ್ಪತ್ರೇಲಿದ್ದಾಗ ಒಂದು ಸಲ ಹನ್ನೊಂದು ದಿನ ಗ್ರೌಂಡಿಗೆ ಹೋಗೋಕಾಗ್ಲಿಲ್ಲ. ಆಗ ಕೊಟ್ಟಿಗೇಲೇ ಹತ್ತು ಬಸ್ಕಿ ಹೊಡೆದು ಹತ್ತು ಅಂತಲೇ ಬರೆದೆ, ಸುಳ್ಳು ಬರೀಲಿಲ್ಲ. ರೆಸ್ಟ್ ಬಗ್ಗೇನೂ ಹಸು ನೋಡೇ ಕಲ್ತೆ, ಕರು ಹಾಕೋಕೆ ಎರಡು ತಿಂಗಳು ಇರುವಾಗ ಹಾಲು ಬತ್ತಿಸ್ತೀವಲ್ಲ, ಇಲ್ಲಾಂದ್ರೆ ಮುಂದಿನ ಸೂಲಿಗೆ ಹಾಲು ಕಮ್ಮಿ ಆಗುತ್ತೆ. ಹಂಗೇ ದೊಡ್ಡ ಟೂರ್ನಮೆಂಟ್ ಆದ್ಮೇಲೆ ಒಂದು ವಾರ ‘ಬತ್ತು’ ಅಂತ ಮೊದಲೇ ಬರೆದಿಡ್ತೀನಿ, ಎಂಟನೇ ದಿನದ ತಾರೀಕನ್ನೂ ಅಲ್ಲೇ ಬರೆದಿರ್ತೀನಿ. ಆ ತಾರೀಕು ಇಲ್ದಿದ್ರೆ ಒಂದು ವಾರ ಒಂದು ತಿಂಗಳಾಗುತ್ತೆ.

ಕಳೆದ ಮಳೆಗಾಲದಲ್ಲಿ ನಮ್ಮ ಒಂದು ಹಸು ರಾತ್ರಿ ಕರು ಹಾಕ್ತು, ಮಾಸು ಬೀಳೋವರೆಗೂ ಕಾದು ನಾನು ಗ್ರೌಂಡಿಗೆ ಹೋದಾಗ ಏಳೂಕಾಲು. ಹುಡುಗರು ಅಷ್ಟೊತ್ತಿಗೆ ಚೈನ್ ಹಿಡಿದು, ಅಂದ್ರೆ ಕೈಗೆ ಕೈ ಕೊಟ್ಟು ನಿಂತು, ಪ್ರಾಕ್ಟೀಸ್ ಮಾಡ್ತಿದ್ರು, ಕವರ್ ಹುಡುಗ ಮಧ್ಯೆ ನಿಂತು ಕೂಗಿ ಹೇಳ್ಕೊಡ್ತಿದ್ದ. ಮುಗಿದ ಮೇಲೆ ನನ್ನ ಹತ್ರ ಬಂದು, ‘ಅಣ್ಣ, ನಮ್ಮನೇಲಿ ಹಸು ಇಲ್ಲ, ನಿಮ್ಮನೇಲಿ ಹಳೇ ಪಾಸ್‌ಬುಕ್ ಇನ್ನೊಂದಿದ್ರೆ ಕೊಡಣ್ಣ’ ಅಂದ.